ಒಂದೇ ರಾತ್ರಿ ನೆನೆಸಿದ ಕಳಲೆ

ಅಮ್ಮಾ,

ಎರಡು ದಿನದಿಂದ ಫೋನಿಗೆ ನೆಟ್‌ವರ್ಕ್ ಇಲ್ಲ, ಅದಕ್ಕೇ ಮೇಳಿಗೆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಚೀಟಿ. ನೀನು ಕೊಟ್ಟ ಸ್ಲೋ ಕುಕ್ಕರಿನಲ್ಲಿ ಹುರುಳಿ ಸಾರು, ಗಂಜಿ, ಹಲಸಿನ ಬೀಜದ ಪಲ್ಯ ಎಲ್ಲ ಚೆನ್ನಾಗಿ ಆಗುತ್ತಿದೆ.

ಇವತ್ತು ಬಿದಿರಿನ ಕಳಲೆ ಹಾಕಿದ್ದೇನೆ. ಮದುವೆಯಾಗಿ ಬಂದು ಇಷ್ಟು ವರ್ಷಕ್ಕೆ ಅತ್ತೆ ಬಾಯಿಬಿಟ್ಟು ಕೇಳಿದ ಮೊದಲ ಅಡುಗೆ. "ನೆನೆಸೋದು ಗೊತ್ತಿದ್ಯಲ್ಲ?" ಎಂದಾಗ ತಲೆಯಾಡಿಸಿಬಿಟ್ಟೆ. ನೆನೆಸಿದ್ದು ಒಂದೇ ರಾತ್ರಿ. ಸರಿಯಾಗಿ ನೆನೆಯದ ಕಳಲೆ ವಿಷ ಎಂದು ನೀನು ಹೇಳುತ್ತಿದ್ದದ್ದು ಮುಚ್ಚಳ ಹಾಕಿದ ಮೇಲೆ ನೆನಪಾಯಿತು. ಚೆಲ್ಲೋಣವೆಂದರೆ ಅತ್ತೆ ಕುಕ್ಕರಿನ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಾರೆ.

ಎಷ್ಟು ದಿನ ನೆನೆಸಬೇಕಿತ್ತು? ಸಂಜೆ ಬಸ್ಸಿಗೆ ಉತ್ತರ ಕೊಟ್ಟು ಕಳಿಸು. ಎಂಟಕ್ಕೆ ಎಲ್ಲರ ಊಟ. ಉತ್ತರ ಬರದಿದ್ದರೆ ನಿನ್ನ ಮೊಮ್ಮಗಳಿಗೆ ಮೊಸರನ್ನ ತಿನ್ನಿಸಿ, ಏಳಕ್ಕೇ ನಾನೊಬ್ಬಳು ಉಂಡು ನೋಡುತ್ತೇನೆ.

ನಿನ್ನ ಕುಮುದಾ