ಎಡಗಿವಿಯ ಮೇಲೆ ಕೈ

ಮನೆಯಿಂದ,
ಬುಧವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ ತಾಯಿ? ಗಣಿಯ ಧೂಳಿಗೆ ಹತ್ತಿಕೊಂಡಿದ್ದ ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ನಗುತ್ತೀಯ. ನಗುವವರ ಬಾಯಿಗೇ ಧೂಳು ಮೊದಲು ಹೋಗುವುದು. ನಾನು ಚೆನ್ನಾಗಿದ್ದೇನೆ. ಮಂಡಿಗಳು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ. ಭಾನುವಾರ ಹೇಗೂ ಫೋನ್ ಮಾಡುತ್ತೇನಲ್ಲ, ಇಷ್ಟುದ್ದ ಕಾಗದ ಯಾಕೆ ಎನ್ನುತ್ತೀಯ. ಇಡೀ ಆಯುಷ್ಯ ಬೇರೆಯವರ ಲೈನು ಜೋಡಿಸಿದವಳು ನಾನು. ಕೆಲವು ಮಾತಿಗೆ ಫೋನನ್ನು ನಂಬುವುದಿಲ್ಲ. ನಿಮ್ಮ ಕ್ಯಾಂಪಿಗೆ ಸಾಮಾನು ತರುವ ಲಾರಿ ಡ್ರೈವರನ ಕೈಗೇ ಇದನ್ನು ಕೊಡುತ್ತಿದ್ದೇನೆ.

ನಿನ್ನೆ ನಿನ್ನ ಅಮ್ಮನನ್ನು ನೋಡಿ ಬಂದೆ. ಅವಳು ಅಲ್ಲಿ ಸೇರಿದ ಮೇಲೆ ನಾನು ಹೋದದ್ದು ಇದೇ ಮೊದಲು. ಬಸ್ಸು ಇಳಿದರೆ ಎದುರಿಗೇ ದೊಡ್ಡ ಗೇಟು, ಅದರ ಮೇಲೆ ‘ಭಾರತೀಯ ಹಿರಿಯ ನಾಗರಿಕರ ನೆಮ್ಮದಿಯ ನೆಲೆ’ ಎಂದು ಬಂಗಾರದ ಬಣ್ಣದ ಅಕ್ಷರ. ಒಳಗೆ ಬಿಳಿ ಕಟ್ಟಡ, ಒಪ್ಪವಾಗಿ ಕತ್ತರಿಸಿದ ಹುಲ್ಲು, ಗಾಲಿಕುರ್ಚಿಗೆ ಇಳಿಜಾರು, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಂಬಿ. ಬಚ್ಚಲಿನ ನೆಲ ಜಾರುತ್ತದೆಯೇ ಎಂದು ನಾನೇ ಬರಿಗಾಲಲ್ಲಿ ಉಜ್ಜಿ ನೋಡಿದೆ, ಜಾರುವುದಿಲ್ಲ. ಮನೆಯಲ್ಲಿ ಒಂದು ಸಲ ಬಿದ್ದು ಸೊಂಟ ನೋಯಿಸಿಕೊಂಡವಳಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತಿತ್ತು? ನೀನು ಸೇರಿಸಿದ್ದು ತಪ್ಪಲ್ಲ ಕಣೇ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ಅಳುತ್ತಾ ಕೂರಬೇಡ.

ಅಲ್ಲಿನ ಮೇಲ್ವಿಚಾರಕಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು. ಮಾತಿಗೊಂದು ಅಮ್ಮಾ, ಅಮ್ಮನಿಗೊಂದು ನಗು. ಸಕ್ಕರೆ ಮೇಡಂ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ನಿನ್ನ ಚಿಕ್ಕಮ್ಮನ ನಾಲಿಗೆ ಗೊತ್ತಲ್ಲ. ಮೇಡಂ ತಾನೇ ಅಕ್ಕನ ಕೋಣೆಯವರೆಗೂ ಬಂದಳು. ಅಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ತುಂಬಾ ಇಳಿದುಹೋಗಿದ್ದಾಳೆ. ನನ್ನನ್ನು ಕಂಡರೆ ‘ಬಂತು ನೋಡಿ ರೇಡಿಯೋ’ ಎಂದು ಅಣಕಿಸದೆ ಬಿಡದವಳು, ನಾನು ಬಾಯಿ ತೆರೆಯುವ ಮೊದಲೇ, "ಬಾ, ಕೂತ್ಕೋ. ನಾನಿಲ್ಲಿ ತುಂಬಾ ಚೆನ್ನಾಗಿದ್ದೀನಿ," ಎಂದಳು. ನಾನಿನ್ನೂ ಕೇಳಿಯೇ ಇರಲಿಲ್ಲ.

ಮೇಡಂ ಬಾಗಿಲು ಎಳೆದುಕೊಂಡು ಹೋದಳು. ನಾನು ಮಂಚದ ಮೇಲೆ ಕೂತು ದಿಂಬು ಒತ್ತಿ ನೋಡಿ, ಇದೇನೇ ಹಪ್ಪಳದ ಹಾಗಿದೆ ಎಂದು ಮೆಲ್ಲಗೆ ಅಂದೆ. ಸ್ವಲ್ಪ ಹೊತ್ತಿಗೆಲ್ಲ ಆಯಾ ಒಬ್ಬಳು ದಪ್ಪ ದಿಂಬು ತಂದಿಟ್ಟು ಹೋದಳು. ಆಹಾ, ಎಂಥ ಸೇವೆ ಎಂದು ನಾನು ಹಿಗ್ಗಿದೆ. ಅಕ್ಕ ನೆಲ ನೋಡುತ್ತಿದ್ದಳು.

ಎದುರು ಕೋಣೆಯ ಸಂಗೀತದ ಟೀಚರ್ ವಿಷಯ ಅವಳು ನಿನಗೂ ಹೇಳಿರಬೇಕು, ಬೆಳಗಾಗುವ ಮೊದಲೇ ಹಾಡಿ ಎಲ್ಲರ ನಿದ್ದೆ ಕೆಡಿಸುತ್ತಾರೆ ಎಂದು. ಅವರನ್ನೂ ಮಾತಾಡಿಸೋಣ ಎಂದು ಹೋದರೆ ಕೋಣೆ ಖಾಲಿ. ಹಾಸಿಗೆ ಸುತ್ತಿಟ್ಟಿದೆ, ಮಂಚದ ಕೆಳಗೆ ಚಪ್ಪಲಿ ಮಾತ್ರ ಇದೆ. ಸಕ್ಕರೆ ಮೇಡಂ ಅದೆಲ್ಲಿದ್ದಳೋ, ಬೆನ್ನ ಹಿಂದೆಯೇ ಬಂದು, ಅವರು ವಿಶ್ರಾಂತಿಗೆಂದು ಹಿಂದಿನ ಕಟ್ಟಡಕ್ಕೆ ಹೋಗಿದ್ದಾರೆ, ಮಗನಿಗೆ ಏನೇನೋ ದೂರು ಹೇಳಿ ಮನಸ್ಸು ಕೆಡಿಸಿಕೊಂಡಿದ್ದರು ಪಾಪ ಎಂದಳು. ಚಪ್ಪಲಿ ಬಿಟ್ಟು ಯಾರು ಹೋಗುತ್ತಾರೆ ಗುಬ್ಬಿ? ಆ ಕಟ್ಟಡ ಅಕ್ಕನ ಕಿಟಕಿಯಿಂದ ಕಾಣುತ್ತದೆ. ಹಾಡುಹಗಲಲ್ಲೂ ಎಲ್ಲ ಪರದೆಗಳೂ ಎಳೆದೇ ಇವೆ. ಬಟ್ಟೆ ಒಣಹಾಕುವ ತಂತಿಯ ತುಂಬ ಬಿಳಿ ಹಾಸಿಗೆ ಬಟ್ಟೆ. ಒಂದು ಸೀರೆಯಿಲ್ಲ, ಒಂದು ಅಂಗಿಯಿಲ್ಲ.

ಇಷ್ಟು ಹೊತ್ತೂ ಅಕ್ಕನ ಎಡಗೈ ಎಡಗಿವಿಯ ಹತ್ತಿರವೇ ಆಡುತ್ತಿತ್ತು. ಎರಡು ಬೆರಳಲ್ಲಿ ಏನನ್ನೋ ಕಿವಿಯ ಹಿಂದಕ್ಕೆ ತಳ್ಳುವ ಹಾಗೆ. ಇಳಿಸುವುದು, ಮತ್ತೆ ತಳ್ಳುವುದು. ಕೂದಲು ಬಿಗಿಯಾಗಿ ಗಂಟು ಹಾಕಿದೆ, ತಳ್ಳಲು ಒಂದು ಎಳೆಯೂ ಇಲ್ಲ. ಇರುವೆ ಹೊಕ್ಕಿತೇನೇ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ನನ್ನನ್ನೇ ನೋಡುತ್ತಾ ಇನ್ನೊಂದು ಸಲ ತಳ್ಳಿದಳು. ಆಗ ನನಗೆ ಗುರುತು ಹತ್ತಿತು.

ನಾವಿಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದವರು ಎಂಬುದು ನಿನಗೆ ಗೊತ್ತು. ಇದು ಗೊತ್ತಿರಲಿಕ್ಕಿಲ್ಲ. ಲೈನು ಖಾಲಿ ಇದ್ದಾಗ ನಾವು ಹುಡುಗಿಯರು ಹರಟುತ್ತಿದ್ದೆವು. ಸೂಪರ್‌ವೈಸರ್ ತನ್ನ ಮೇಜಿನಿಂದ ಕಳ್ಳತನದಲ್ಲಿ ನಮ್ಮ ಲೈನಿಗೆ ಸೇರಿ ಕೇಳಿಸಿಕೊಳ್ಳುತ್ತಿದ್ದ. ಯಾರಿಗೆ ಮೊದಲು ಸುಳಿವು ಸಿಕ್ಕಿತೋ ಅವಳು ಹೆಡ್‌ಸೆಟ್ಟನ್ನು ಎಡಗಿವಿಯ ಹಿಂದಕ್ಕೆ ತಳ್ಳುವಳು. ಅದನ್ನು ಕಂಡವಳೂ ಹಾಗೇ ಮಾಡುವಳು. ಸಾಲಿಗೆ ಸಾಲೇ ಹರಟೆ ನಿಂತು, ಎಲ್ಲರ ಬಾಯಲ್ಲೂ ಜೇನು ಸುರಿಯುತ್ತಿತ್ತು. ಅವನು ಕೇಳುತ್ತಿದ್ದಾನೆ ಎಂಬುದಷ್ಟೇ ಅದರ ಅರ್ಥ.

ಅಕ್ಕನ ತಲೆಯ ಮೇಲ್ಗಡೆ ಗೋಡೆಯಲ್ಲಿ ಒಂದು ಬಿಳಿ ಬಿಲ್ಲೆ, ಅದರೊಳಗೆ ಹಸಿರು ದೀಪ. ಬಿದ್ದರೆ ಕೂಗಿ, ಕೇಳಿಸುತ್ತದೆ ಎಂದು ಮೇಡಂ ಬಂದಾಗಲೇ ತೋರಿಸಿದ್ದಳು. ದಿಂಬು ಎಲ್ಲಿಂದ ಬಂತೆಂದು ಈಗ ಹೊಳೆಯಿತು. ನಾನೂ ಎರಡು ಬೆರಳನ್ನು ಕಿವಿಯ ಹಿಂದಕ್ಕೆ ತಳ್ಳಿದೆ. ಅಕ್ಕನ ಕೈ ಮಡಿಲಿಗೆ ಇಳಿಯಿತು, ಕಣ್ಣು ತುಂಬಿಕೊಂಡಿತು. ಆಮೇಲೆ ನಾವಿಬ್ಬರೂ ಹಳೆಯ ಡ್ಯೂಟಿಯ ದನಿಯಲ್ಲಿ ಚಹಾ ಹೊಗಳಿದೆವು, ಹುಲ್ಲು ಹೊಗಳಿದೆವು, ಮೇಡಮ್ಮನ್ನಂತೂ ಅಟ್ಟಕ್ಕೇರಿಸಿದೆವು. ಒಬ್ಬರ ಕೈ ಒಬ್ಬರು ಬಿಡಲಿಲ್ಲ. ಅವಳ ಕೈ ತಣ್ಣಗಿತ್ತು.

ಹೊರಡುವಾಗ, ಅದೇ ಜೇನಿನಂಥ ಮಾತಿನಲ್ಲೇ, ಅಕ್ಕನನ್ನು ನಾಲ್ಕು ದಿನ ಮನೆಗೆ ಕರೆದುಕೊಂಡು ಹೋಗಲೇ ಎಂದು ಮೇಡಮ್ಮನ್ನು ಕೇಳಿದೆ. ಸೇರಿಸಿದವರೇ ಬರಬೇಕು, ಅದು ನಿಯಮ ಎಂದಳು. ಗೇಟಿನ ಹತ್ತಿರ ನಿಂತು, "ತಿಂಗಳ ಕೊನೆಗೆ ಅವರನ್ನೂ ಹಿಂದಿನ ಕಟ್ಟಡಕ್ಕೆ ಕಳಿಸ್ತೀವಿ ಅಮ್ಮಾ. ಒಂಟಿಯಾಗಿರೋರಿಗೆ ಅಲ್ಲೇ ವಾಸಿ. ಮಗಳು ಫೋನಲ್ಲಿ ಒಪ್ಪಿದ್ದಾರೆ," ಎಂದಳು. ಒಳ್ಳೆಯ ಕೋಣೆ ಎಂದುಕೊಂಡು ನೀನು ಹೂಂ ಅಂದಿರುತ್ತೀಯ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ದೂರದಲ್ಲಿರುವವರಿಗೆ ಹೇಗೆ ಗೊತ್ತಾಗಬೇಕು?

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮಿಗೆ ಬಿಸಿನೀರು ಕುಡಿ. ನಿನ್ನ ಕಾಲು ಎಲ್ಲೂ ಎಡವದಿರಲಿ, ನಿನ್ನ ಮನಸ್ಸು ಗಟ್ಟಿಯಿರಲಿ ಎಂದು ಹರಸುವ,

ನಿನ್ನ ಚಿಕ್ಕಮ್ಮ,
ರೇಡಿಯೋ

ಮರೆಯುವ ಮುಂಚೆ: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಕೋಣೆಯಲ್ಲಿ ಜೊತೆಗೊಬ್ಬರು ಇದ್ದರೆ ಹಿಂದಿನ ಕಟ್ಟಡಕ್ಕೆ ಕಳಿಸುವುದಿಲ್ಲವಂತೆ. ಅದಕ್ಕೇ ಅಕ್ಕನ ಕೋಣೆಯಲ್ಲಿ ಖಾಲಿ ಇರುವ ಇನ್ನೊಂದು ಮಂಚ ನನಗೆ ಕೊಡಿ ಎಂದು ಗೇಟಿನಲ್ಲೇ ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಪೆಟ್ಟಿಗೆ ಸಮೇತ ಹೋಗುತ್ತೇನೆ. ಒಳಗೆ ಹೋದ ಮೇಲೆ ನಮ್ಮಿಬ್ಬರನ್ನೂ ಹೊರಗೆ ತರಬಲ್ಲವಳು ನೀನೊಬ್ಬಳೇ. ಬರುತ್ತೇನೆ ಎಂದು ಯಾರಿಗೂ ತಿಳಿಸಬೇಡ, ನೇರ ಗೇಟಿಗೆ ಬಂದು ನಿಲ್ಲು. ಭಾನುವಾರ ಫೋನಿನಲ್ಲಿ ನಾವಿಬ್ಬರೂ ತುಂಬಾ ಚೆನ್ನಾಗಿದ್ದೇವೆ ಎನ್ನುತ್ತೇವೆ. ನೀನೂ ನಕ್ಕು, ಸಂತೋಷ ಅನ್ನು. ಫೋನಿಟ್ಟ ತಕ್ಷಣ ಹೊರಡು.