ಅಣಬೆ ಮದ್ದಿನ ಕೋಣೆಗೆ ಒಂದು ಚಿಲಕ

ಗದಗ, ಫೆಬ್ರವರಿ ೩೦, ೨೧೮೭

ಕಾಲದಲ್ಲಿ ನನಗಿಂತ ಹಿರಿಯರಾದ, ಬುದ್ಧಿಯಲ್ಲಿ ಹೇಗೋ ಗೊತ್ತಿಲ್ಲದ ಪೂರ್ವಜರಿಗೆ ಇರಾವತಿ ಹೂಗಾರಳ ಸಾಷ್ಟಾಂಗ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸತಕ್ಕದ್ದು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಮನಸ್ಸಿನ ಕಾಯಿಲೆಗೆ ಅಣಬೆಯ ಮದ್ದು ಕೊಡಬಹುದೇ ಎಂದು ನೀವು ಈಗಷ್ಟೇ ಪರೀಕ್ಷೆ ಮಾಡುತ್ತಿದ್ದೀರಂತೆ. ನಮ್ಮಲ್ಲಿ ಅದು ಆಸ್ಪತ್ರೆಯ ಮಾಮೂಲು ಕೆಲಸ. ಮದ್ದು ನುಂಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿ, ಒಳಗೆ ಕಂಡದ್ದನ್ನೆಲ್ಲ ಕಾಣುವ ಆ ಅರ್ಧ ದಿನಕ್ಕೆ ‘ಒಳಪಯಣ’ ಎನ್ನುತ್ತೇವೆ. ಡಾಕ್ಟರ ಜೊತೆ ಮನೆಯವರೊಬ್ಬರು ಬಾಯಿ ಮುಚ್ಚಿಕೊಂಡು ಕೈ ಹಿಡಿದು ಕೂತಿರಬೇಕು, ಅವರು ‘ಕೈಗಾವಲು’. ಒಬ್ಬರು! ನೀವು ಬಿಟ್ಟುಹೋದ ನಿಯಮಗಳಲ್ಲಿ ಎಷ್ಟು ಮಿಲಿಗ್ರಾಂ ಎಂದಿದೆ, ಎಷ್ಟು ನೆಂಟರು ಎಂದಿಲ್ಲ.

ಪರಿಣಾಮ ಕೇಳಿ. ಹೆಂಡತಿ ಗೌರಕ್ಕ ಕಾಕು ತೀರಿಕೊಂಡ ಮೇಲೆ ನಮ್ಮ ಬಸಲಿಂಗ ಕಾಕಾ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. "ನಾನ್ಯಾಕ ಉಳದೆ" ಎನ್ನುವುದೊಂದೇ ಮಾತು. ಬೇರೆ ಯಾವ ಔಷಧಿಯೂ ನಾಟಲಿಲ್ಲ. ಒಳಪಯಣಕ್ಕೆ ಕರೆದೊಯ್ದರೆ ಇಡೀ ಬಳಗ ಸೀಮಂತಕ್ಕೆ ಬಂದಂತೆ ಬಂತು, ಗಿರ್ಮಿಟ್ಟು-ಮಿರ್ಚಿ ಡಬ್ಬಿ ಸಮೇತ. ಕಾಕಾ ಆಗಷ್ಟೇ ಒಳಗಿಳಿಯುತ್ತಿದ್ದ. ಅವನ ಅಕ್ಕ, ಅಂದರೆ ನಮ್ಮ ಶಂಕ್ರಮ್ಮ ಅತ್ತಿ, ಬಾಗಿಲು ನೂಕಿ, "ಏನ್ ಕಾಣಾಕತ್ತೈತೋ ಬಸಲಿಂಗ? ತೀರಿಹೋದ ಅವ್ವ ಕಂಡ್ಳೇನು? ಆಕಿ ಬಂಗಾರದ ಬೋರಮಾಳ ಎಲ್ಲಿಟ್ಟಾಳ ಕೇಳಪಾ!" ಎಂದಳು. ಕಾಕಾ ಚೀರಿ ಎದ್ದ. ಮುಂದಿನ ತಿಂಗಳು ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಬೆದರಿದರೆ ಮತ್ತೆ ಕೊಡಲಾರೆ ಎಂದರು ಡಾಕ್ಟರಮ್ಮ.

ಬಳಗವನ್ನು ಬರಬೇಡಿ ಎನ್ನಲಾದೀತೇ? ಮತ್ತೆ ಬಂದರು. ಆಗ ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ಕೈಮುಗಿದು ನಿಂತು, ಪರಮ ಗಾಂಭೀರ್ಯದಿಂದ ಒಂದು ಸುಳ್ಳು ಘೋಷಿಸಿದೆ: "ಈ ಸಲದ ಮದ್ದಿನ ವಾಸನಿ ಬಾಗಿಲ ಸಂದ್ಯಾಗಿಂದ ಹೊರಗ ಬರ್ತೈತಿ. ಮೂಗಿಗೆ ಬಡದವರು ಹೊಟ್ಟ್ಯಾಗಿನ ಗುಟ್ಟೆಲ್ಲ ಎಲ್ಲಾರ ಮುಂದ ಬಾಯಿ ಬಿಡ್ತಾರ." ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಲಿ ರಾಶಿ ಕರಗಿತು. ಮೊದಲು ಓಡಿದ್ದು ಅತ್ತಿ, ಡಬ್ಬಿಯನ್ನೂ ಬಿಟ್ಟು.

ಕಾಕಾ ಗಂಟೆಗಟ್ಟಲೆ ಅತ್ತ. ಕೈಗಾವಲಾಗಿ ಕೂತಿದ್ದ ನನ್ನ ಬೆರಳು ನುಚ್ಚಾಗುವಂತೆ ಹಿಡಿದಿದ್ದ. ಸಂಜೆ ಕಣ್ಣುಪಟ್ಟಿ ತೆಗೆದು, "ಎಲ್ಲಿ ಹೋದ್ರವಾ ಎಲ್ಲಾರೂ? ಮಿರ್ಚಿ ಉಳದಾವೇನು?" ಎಂದ. ಕಾಕು ಹೋದ ಮೇಲೆ ತಾನಾಗಿ ತಿನ್ನಲು ಕೇಳಿದ್ದು ಅದೇ ಮೊದಲು. ಮದ್ದು ಮಂತ್ರವಲ್ಲ, ಇನ್ನೂ ತಿಂಗಳುಗಟ್ಟಲೆ ಡಾಕ್ಟರಮ್ಮನ ಹತ್ತಿರ ಕೂತು ಮಾತಾಡಬೇಕಂತೆ. ಗೋಡೆ ಬಿಟ್ಟು ಈ ಕಡೆ ತಿರುಗಿ ಕೂತಿದ್ದಾನೆ, ಅಷ್ಟು.

ಆದಕಾರಣ ಪೂರ್ವಜರೇ, ನಿಯಮ ಬರೆಯುವಾಗ ಚಿಲಕವನ್ನೂ ಬರೆಯಿರಿ. ಸುಳ್ಳು ಒಂದೇ ಸಲ ನಡೆಯುತ್ತದೆ. ಅತ್ತಿ ಈಗಾಗಲೇ ಇಡೀ ಬಳಗಕ್ಕೆ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ಹೊಲಿಸುತ್ತಿದ್ದಾಳೆ.