ಒಂದು ನಕ್ಷತ್ರ ಅಳಿಸಿ ಕೊಡಿ

ಕುಂದಾಪುರದ ಕೋಡಿ ಕಡಲತಡಿ,
ಕ್ರಿ.ಶ. 2191, ಫೆಬ್ರವರಿ ಮೂವತ್ತು, ಬುಧವಾರ

ಮುತ್ತಜ್ಜನ ಮುತ್ತಜ್ಜನವರಾದ ನಿಂಗರಾಜು ಅವರಿಗೆ, ನಿಮ್ಮ ಮರಿಮಗನ ಮರಿಮಗ ತೇಜಮೂರ್ತಿಯ ಸಾಷ್ಟಾಂಗ ನಮಸ್ಕಾರ.

ತಾರೀಕು ನೋಡಿ ಹೌಹಾರಬೇಡಿ. ಫೆಬ್ರವರಿಯೊಂದಕ್ಕೇ ಅನ್ಯಾಯವಾಗಿದೆ ಎಂದು ಯಾರೋ ಅರ್ಜಿ ಹಾಕಿದ್ದರಿಂದ ಸರಕಾರ ಅದಕ್ಕೂ ಮೂವತ್ತು ದಿನ ಮಂಜೂರು ಮಾಡಿದೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನನಗೆ ಹಾಗೇ ಕಂಡಿತು; ಅದರಲ್ಲೂ ನೀವು ಬರೆದ ಒಂದು ಸಾಲಂತೂ ನಾಲ್ಕು ದಿನಗಳಿಂದ ನನ್ನ ನಿದ್ದೆ ಕೆಡಿಸಿದೆ.

ನೆನಪಿದೆಯೆ? ಕೆ.ಆರ್. ಪೇಟೆಯಿಂದ ಸಂಸಾರ ಸಮೇತ ಕರಾವಳಿ ನೋಡಲು ಬಂದಿರಿ. ಒಳ್ಳೆಯ ಮೀನಿನ ಹೋಟೆಲು ಯಾವುದೆಂದು ಫೋನನ್ನು ಕೇಳಿದಿರಿ. ಅದು ತೋರಿಸಿದ ದಾರಿ ಹಿಡಿದು ಇದೇ ಕೋಡಿಯ ಒಂದು ಹಂಚಿನ ಹೋಟೆಲಿಗೆ ಹೋದಿರಿ. ಅಲ್ಲಿಂದ ಹೊರಬಂದು ಬರೆದಿರಿ: "ಬಂಗುಡೆ ಕೇಳಿದರೆ ಇವತ್ತು ಮೀನಿಲ್ಲ ಅಂತಾರೆ. ಇದ್ಯಾವ ಸೀಮೆ ಮೀನ್ ಹೋಟ್ಲು ಸ್ವಾಮಿ? ಒಂದು ನಕ್ಷತ್ರ." ಆಮೇಲೆ ಎಳನೀರು ಕುಡಿದು ಮರೆತಿರಿ. ನಾವು ಮರೆಯಲಿಲ್ಲ. ನಮ್ಮ ಕಾಲ ಏನನ್ನೂ ಮರೆಯುವುದಿಲ್ಲ. ಅದೇ ಅದರ ಕಾಯಿಲೆ.

ನಾನು ಒಲೆಪಾಲ. ಎಂದರೆ, ಬೆಂಕಿ ಹಚ್ಚಿ ಅಡಿಗೆ ಮಾಡುವ ಹೋಟೆಲುಗಳನ್ನು ತಪಾಸಣೆ ಮಾಡುವ ಸಣ್ಣ ಸರಕಾರಿ ನೌಕರ. ಮೊದಲು ಹೊಸ ದೂರುಗಳಿಗೆ ಮಾತ್ರ ಒಲೆ ಆರಿಸುತ್ತಿದ್ದೆವು. ಈ ವರ್ಷದ ಹೊಸ ಕಾಯಿದೆ ಪ್ರಕಾರ ಯಾವ ಕಾಲದ್ದೇ ಆಗಲಿ, ಒಂದು ದೂರಿದ್ದರೂ ಆ ಒಲೆಯನ್ನು ಆರಿಸತಕ್ಕದ್ದು. ದೂರು ಅಳಿಸುವ ಹಕ್ಕು ಬರೆದವರಿಗೆ ಮಾತ್ರ. ಕರಾವಳಿಯ ಪಟ್ಟಿಯಲ್ಲಿ ನಾನೂರಹನ್ನೆರಡು ಮೀನಿನ ಹೋಟೆಲುಗಳಿವೆ, ಎಲ್ಲಕ್ಕೂ ಐದೈದು ನಕ್ಷತ್ರ. ಎಲ್ಲದರಲ್ಲೂ ಮಳೆಗಾಲವೆನ್ನದೆ ಬಿರುಗಾಳಿಯೆನ್ನದೆ ಅಂಜಲ್, ಕಾಣೆ, ಬಂಗುಡೆ ಸಿಗುತ್ತವೆ. ಏಕೆಂದರೆ ಅವು ಮೀನಲ್ಲ, ಮತ್ಸ್ಯಾಭಾಸ. ಯಾವುದೋ ಹಿಟ್ಟನ್ನು ಅಚ್ಚಿಗೆ ಹಾಕಿ ಒತ್ತಿದ್ದು. ಮುಳ್ಳು ಬೇಕೆಂದವರಿಗೆ ಬೇರೆ ತಟ್ಟೆಯಲ್ಲಿ ಮುಳ್ಳು ತಂದಿಡುತ್ತಾರೆ. ನಿಜವಾದ ಮೀನು ಬೇಯಿಸುತ್ತಿದ್ದ ಹೋಟೆಲುಗಳೆಲ್ಲ ಎಂದೋ ಒಂದು ದಿನ "ಇವತ್ತು ಮೀನಿಲ್ಲ" ಎಂದು ನಿಜ ಹೇಳಿದ್ದವು. ಅಷ್ಟಕ್ಕೇ ದೂರು ಬಿದ್ದು, ಒಂದೊಂದಾಗಿ ಆರಿದವು.

ಉಳಿದಿರುವುದು ಒಂದೇ. ನೀವು ಹೋಗಿದ್ದ ಅದೇ ಹೋಟೆಲು. ಈಗ ನಡೆಸುತ್ತಿರುವವರು ಶೇಸಕ್ಕ, ಅರವತ್ತು ದಾಟಿದ ಹೆಂಗಸು. ಅದರ ಮೇಲಿರುವ ದೂರೂ ಒಂದೇ, ನಿಮ್ಮದು.

ಶನಿವಾರ ನೋಟೀಸು ಕೊಡಲು ಹೋದೆ. ಒಳಗೆ ಕಾಲಿಡುವ ಮೊದಲೇ, "ಹ್ವಾಯ್, ಬನಿ ಬನಿ. ಮೀನಿಲ್ಲೆ ಇವತ್ತ್. ಕಡ್ಲ್ ಎದ್ದಿತ್ತ್, ದೋಣಿ ಇಳೀಲಿಲ್ಲೆ" ಎಂದರು.

"ಬೇರೆ ಹೋಟೆಲಲ್ಲೆಲ್ಲ ಇದೆಯಲ್ಲ ಶೇಸಕ್ಕ?"

"ಅವ್ರದ್ದ್ ಯಾವ ಕಡ್ಲೋ ಮಾರಾಯ್ರೆ, ಅಲ್ಲ್ ಗಾಳಿಯೇ ಬೀಸೂದಿಲ್ಲ ಕಾಣತ್ತ್!"

ನೋಟೀಸು ಓದಿ ಹೇಳಿದೆ. ದೂರು ಬರೆದವರು ನನ್ನ ಹಿರಿಯರೇ ಎಂಬುದನ್ನೂ, ಬಾಯಿ ತಡೆಯದೆ, ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅವರು ಸೌಟನ್ನು ಕೆಳಗಿಟ್ಟು, "ಪಾಪ, ನಿಮ್ಮಜ್ಜಂಗೆ ಹಸ್ದಿತ್ತ್ ಕಾಣತ್ತ್. ಹಸ್ದವ್ರ್ ಹೇಳಿದ್ನೆಲ್ಲ ಬರ್ದ್ ಇಟ್ಕಂತ್ರಾ ಯಾರಾದ್ರೂ? ನೀವಾದ್ರೂ ಕೂಕಣಿ" ಎಂದು ಗಂಜಿ, ಒಣ ಸಿಗಡಿ ಚಟ್ನಿ ಬಡಿಸಿದರು. ಆ ಚಟ್ನಿ ನಿಮಗೂ ಸಿಗುತ್ತಿತ್ತು. ನೀವು ಕೂರಲಿಲ್ಲ.

ಸೋಮವಾರ ದೋಣಿ ಬಂತು. ತಪಾಸಣೆಯ ನೆಪ ಮಾಡಿಕೊಂಡು ಮತ್ತೆ ಹೋದೆ. ಬಂಗುಡೆ ಗಸಿ ಇಟ್ಟರು. ಅದನ್ನು ವರ್ಣಿಸಬಹುದು, ಆದರೆ ನಿಮ್ಮ ಹೊಟ್ಟೆ ಉರಿಸುವುದು ಮೊಮ್ಮಗನಿಗೆ ಶೋಭೆಯಲ್ಲ. ಮುಳ್ಳು ಮಾತ್ರ ಮೀನಿನೊಳಗೇ ಇತ್ತು. ಒಂದು ಗಂಟಲಲ್ಲಿ ಸಿಕ್ಕಿಕೊಂಡು, ಶೇಸಕ್ಕ ಅನ್ನದ ಉಂಡೆ ನುಂಗಿಸಿ ಬೆನ್ನು ತಟ್ಟಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದು ಮುಳ್ಳಿಗೇ ಬಂದದ್ದೆಂದು ಇಲಾಖೆಗೆ ಬರೆದಿದ್ದೇನೆ.

ಅಜ್ಜಾ, ಕರಾವಳಿಯಲ್ಲಿ ಒಳ್ಳೆಯ ಮೀನಿನ ಹೋಟೆಲು ಹುಡುಕುವ ವಿದ್ಯೆ ಇಷ್ಟೇ: ನಕ್ಷತ್ರ ಎಣಿಸಬೇಡಿ, ಕಡಲಿನ ಕಡೆ ನೋಡಿ. ದೋಣಿಗಳೆಲ್ಲ ಮರಳ ಮೇಲೆ ಮಲಗಿದ ದಿನ ಯಾವ ಹೋಟೆಲು "ಇಲ್ಲ" ಎನ್ನುತ್ತದೋ, ಅಲ್ಲಿಗೆ ಮಾರನೆಯ ದಿನ ಹೋಗಿ. ಒಂದು ದಿನ ಹೆಚ್ಚು ಉಳಿಯಬೇಕಾಗಬಹುದು. ಮನೆಯವರು ಬೈಯಬಹುದು. ಬೈಸಿಕೊಳ್ಳಿ.

ಈಗ ದಯವಿಟ್ಟು ಫೋನು ತೆಗೆದು ಆ ಸಾಲು ಅಳಿಸಿ. ಅಳಿಸಿದರೆ ಸಾಕು, ಪಶ್ಚಾತ್ತಾಪ ಉಕ್ಕಿ ಐದು ನಕ್ಷತ್ರ ಕೊಡಲು ಹೋಗಬೇಡಿ. ಐದು ಸಿಕ್ಕಿದ್ದನ್ನು ಸರಕಾರ ತಕ್ಷಣ ಅಚ್ಚಿಗೆ ಹಾಕುತ್ತದೆ. "ಆಮೇಲೆ ಮಾಡೋಣ ಬಿಡು" ಎನ್ನುವುದು ನಮ್ಮ ವಂಶದ ಗುಣವೆಂದು ನನಗೆ ಗೊತ್ತು; ನನ್ನಲ್ಲೂ ಇದೆ. ಅದಕ್ಕೇ ಹೆದರಿಕೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆ ಒಲೆಗೆ ನೀರು ಸುರಿಯಬೇಕೆಂದು ಆಜ್ಞೆಯಾಗಿದೆ. ಸುರಿಯಬೇಕಾದವನು ನಾನು. ಶೇಸಕ್ಕ ಆಗಲೂ "ಕೂಕಣಿ" ಎಂದೇ ಹೇಳುತ್ತಾರೆ. ಕೈಯಲ್ಲಿ ಕೊಡಪಾನ ಹಿಡಿದುಕೊಂಡು ನಾನು ಹೇಗೆ ಕೂರಲಿ, ಅಜ್ಜಾ?